ಕಂಪ್ಲಿ ಸೇತುವೆಯ ಆಚೆ ಸಿಕ್ಕ ಔಷಧ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಸಚಿವರಿಗೆ,

ಮಾನ್ಯರೇ,

ನಾನು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಾಸವಾಗಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. ನನ್ನ ತಮ್ಮನಿಗೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ, 1986ರಲ್ಲಿ, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಶುರುವಾಯಿತು. ಅಂದಿನಿಂದ ಇಂದಿನವರೆಗೆ ಅವನ ಜೊತೆ ಆಸ್ಪತ್ರೆಗೆ ಹೋಗಿ ಬರುವ ಕೆಲಸ ನನ್ನದು. ಅವನ ವಿಷಯವನ್ನು ಸಾರ್ವಜನಿಕವಾಗಿ ಬರೆಯುವ ಮೊದಲು ಅವನ ಒಪ್ಪಿಗೆ ಕೇಳಿದೆ. “ಬರಿಯಕ್ಕ, ಹೆಸರು ಮಾತ್ರ ಹಾಕಬ್ಯಾಡ” ಎಂದ. ಹಾಗಾಗಿ ಅವನ ಹೆಸರನ್ನಾಗಲಿ, ನಮ್ಮ ಊರಿನ ಹೆಸರನ್ನಾಗಲಿ, ನಾವು ಅಲೆದ ಆಸ್ಪತ್ರೆಗಳ ಹೆಸರನ್ನಾಗಲಿ ಇಲ್ಲಿ ಬರೆದಿಲ್ಲ. ಯಾರ ಮೇಲೂ ದೂರು ಹೇಳುವುದು ನನ್ನ ಉದ್ದೇಶವಲ್ಲ. ನನಗೆ ತಮ್ಮಲ್ಲಿ ಕೇಳಬೇಕಾದದ್ದು ಒಂದೇ ಒಂದು ಇದೆ: ಮಾನಸಿಕ ಕಾಯಿಲೆಗಳಿಗೆ ಬೇಕಾದ ಮೂಲ ಔಷಧಗಳು ರಾಜ್ಯದ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವರ್ಷದ ಹನ್ನೆರಡು ತಿಂಗಳೂ ತಪ್ಪದೆ ಸಿಗುವಂತೆ ಮಾಡಬೇಕು. ಇದು ನನಗೆ ಹೊಳೆದ ಹೊಸ ವಿಚಾರವೇನೂ ಅಲ್ಲ. ನಮ್ಮದೇ ರಾಜ್ಯದಲ್ಲಿ, ನಮ್ಮ ಊರಿನಿಂದ ಒಂದು ಹೊಳೆಯ ಆಚೆಗೆ, ಸುಮಾರು ನಲವತ್ತು ವರ್ಷಗಳ ಹಿಂದೆಯೇ ಮಾಡಿ ತೋರಿಸಿದ ಕೆಲಸ. ಅದನ್ನು ಮಾಡಿ ತೋರಿಸಿದವರಲ್ಲಿ ಒಬ್ಬರಾದ ಮನೋವೈದ್ಯ ಡಾ. ಆರ್. ಶ್ರೀನಿವಾಸ ಮೂರ್ತಿಯವರ ಸಂಶೋಧನೆಯನ್ನು ತಮ್ಮ ಮುಂದಿಟ್ಟು ನನ್ನ ಮನವಿಯನ್ನು ವಿವರಿಸಲು ಬಯಸುತ್ತೇನೆ.

ಮೊದಲು ನಮ್ಮ ಮನೆಯ ಕಥೆಯನ್ನು ಹೇಳಿಬಿಡುತ್ತೇನೆ. ತಮ್ಮ ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಓದುವುದನ್ನು ಬಿಟ್ಟ, ರಾತ್ರಿ ನಿದ್ದೆ ಬಿಟ್ಟ, ಗೋಡೆಯ ಆಚೆಯಿಂದ ಯಾರೋ ತನ್ನನ್ನು ಬೈಯುತ್ತಿದ್ದಾರೆ ಎಂದು ಹೊಲದ ಕಡೆ ಓಡತೊಡಗಿದ. ಗಾಳಿ ಸೋಕಿದೆ ಎಂದರು ಕೆಲವರು, ಯಾರೋ ಮಾಟ ಮಾಡಿಸಿದ್ದಾರೆ ಎಂದರು ಕೆಲವರು. ಅವ್ವ ಅವನನ್ನು ಕರೆದುಕೊಂಡು ಹೋಗದ ಗುಡಿಯಿಲ್ಲ, ದರ್ಗಾ ಇಲ್ಲ. ಅಂಗಾರ ಹಚ್ಚಿಸಿದಳು, ತಾಯತ ಕಟ್ಟಿಸಿದಳು. ಅವ್ವನನ್ನು ನಾನು ಅಂದು ಜರೆದಿದ್ದೆ, ಆ ಮಾತು ನೆನೆದರೆ ಈಗಲೂ ನೋವಾಗುತ್ತದೆ. 1970ರ ದಶಕದ ಆರಂಭದಲ್ಲಿ ಡಾ. ಆರ್. ಎಲ್. ಕಪೂರ್ ಮತ್ತು ಜಿ. ಎಂ. ಕಾರ್‌ಸ್ಟೇರ್ಸ್ ಅವರು ಕರಾವಳಿಯ ಕೋಟ ಗ್ರಾಮದಲ್ಲಿ ಮನೆಮನೆಗೆ ಹೋಗಿ ನಡೆಸಿದ ಅಧ್ಯಯನವನ್ನು ಬಹಳ ತಡವಾಗಿ ಓದಿದಾಗ, ಸಂಕಟದಲ್ಲಿರುವ ಜನ ನಾಟಿ ವೈದ್ಯರು, ಮಂತ್ರವಾದಿಗಳು, ದೈವ ಮೈಮೇಲೆ ಬರುವ ಪಾತ್ರಿಗಳು, ಡಾಕ್ಟರು ಎಂದು ಭೇದ ಮಾಡದೆ ಕೈಗೆಟುಕಿದವರ ಬಳಿಗೆಲ್ಲ ಹೋಗುತ್ತಾರೆಂಬುದು ಗೊತ್ತಾಯಿತು. ಅವ್ವನಿಗೆ ಕೈಗೆಟುಕಿದ್ದು ಗುಡಿ ಮತ್ತು ದರ್ಗಾ. ಡಾಕ್ಟರು ಇದ್ದದ್ದು ಬೆಂಗಳೂರಿನಲ್ಲಿ.

ಎರಡು ವರ್ಷ ಹೀಗೆ ಕಳೆದ ಮೇಲೆ, ನನ್ನ ಸಹೋದ್ಯೋಗಿಯೊಬ್ಬರ ಸಲಹೆಯಂತೆ ಬೆಂಗಳೂರಿಗೆ ಕರೆದೊಯ್ದೆವು. ಅಲ್ಲಿ ಸಿಕ್ಕ ಚಿಕಿತ್ಸೆಯಿಂದ ತಮ್ಮ ಆರೇಳು ವಾರಗಳಲ್ಲಿ ನಮ್ಮನ್ನು ಗುರುತಿಸಿ ಮಾತನಾಡುವಷ್ಟು ಚೇತರಿಸಿಕೊಂಡ. ಆದರೆ ಗುಳಿಗೆ ಮುಗಿದಂತೆಲ್ಲ ಮತ್ತೆ ಹೋಗಬೇಕಿತ್ತು. ರಾತ್ರಿ ಬಸ್ಸಿನಲ್ಲಿ ಮುನ್ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ, ಬೆಳಗಿನ ಜಾವ ಹೊರರೋಗಿ ವಿಭಾಗದ ಮುಂದೆ ಸರದಿ, ಮಧ್ಯಾಹ್ನ ಚೀಟಿ, ಸಂಜೆ ಮತ್ತೆ ಬಸ್ಸು. ಅಪ್ಪನಿಗೆ ಎರಡು ದಿನದ ದುಡಿಮೆ ಹೋಗುತ್ತಿತ್ತು, ನನಗೆ ಎರಡು ರಜೆ. ಬಸ್ಸಿನಲ್ಲಿ ತಮ್ಮ ಹೆದರಿ ಎದ್ದು ನಿಂತುಬಿಟ್ಟರೆ ಸಹಪ್ರಯಾಣಿಕರು ನೋಡುವ ನೋಟವನ್ನು ಸಹಿಸಿಕೊಳ್ಳಬೇಕಿತ್ತು. ನಾಟಿಯ ಸಮಯದಲ್ಲಿ ಒಮ್ಮೆ ಹೋಗಲಾಗಲಿಲ್ಲ. ಕೈಯಲ್ಲಿ ಹಣವಿಲ್ಲದೆ ಮತ್ತೊಮ್ಮೆ ಹೋಗಲಾಗಲಿಲ್ಲ. ಎರಡು ಬಾರಿಯೂ ಕಾಯಿಲೆ ಮರುಕಳಿಸಿತು.

ಆ ಸಮಯದಲ್ಲಿ ನಮ್ಮ ಶಾಲೆಗೆ ಹೊಳೆಯ ಆಚೆಯಿಂದ ಬರುತ್ತಿದ್ದ ಶಿಕ್ಷಕರೊಬ್ಬರು ಒಂದು ಮಾತು ಹೇಳಿದರು. ಅವರ ಚಿಕ್ಕಪ್ಪನ ಮಗನಿಗೂ ಇದೇ ಕಾಯಿಲೆ ಇದ್ದು, ಅವನಿಗೆ ತಮ್ಮ ಊರಿನ ಸರ್ಕಾರಿ ದವಾಖಾನೆಯಲ್ಲಿಯೇ ತಿಂಗಳಿಗೊಂದು ಇಂಜೆಕ್ಷನ್ ಕೊಡುತ್ತಾರೆ ಎಂಬುದೇ ಆ ಮಾತು. ನಾನು ನಂಬಲಿಲ್ಲ. ಗಂಗಾವತಿ ಆಗ ರಾಯಚೂರು ಜಿಲ್ಲೆಯಲ್ಲಿತ್ತು, ತುಂಗಭದ್ರೆಯ ಆಚೆ ದಡದ ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1989ರ ಬೇಸಿಗೆಯಲ್ಲಿ ತಮ್ಮನನ್ನು ಕರೆದುಕೊಂಡು ಕಂಪ್ಲಿ ಸೇತುವೆ ದಾಟಿ ಆ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದೆ. ಎಂಬಿಬಿಎಸ್ ಮಾತ್ರ ಓದಿದ್ದ ಯುವ ವೈದ್ಯಾಧಿಕಾರಿಯೊಬ್ಬರು ಬೆಂಗಳೂರಿನ ಚೀಟಿ ನೋಡಿದರು, ತಮ್ಮನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಿದರು, ಒಂದು ಕಾರ್ಡು ಬರೆದು ಇಂಜೆಕ್ಷನ್ ಕೊಟ್ಟರು. ನಮ್ಮ ಜಿಲ್ಲೆ ಯಾವುದೆಂದು ಅವರು ಕೇಳಲಿಲ್ಲ. ಬೆಳಿಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದೆವು. ಮನೆಯಲ್ಲಿ ಈ ವಿಷಯ ಹೇಳಿದಾಗ ಅವ್ವ ಒಲೆಯ ಮುಂದೆ ಕುಳಿತು ಬಹಳ ಹೊತ್ತು ಅತ್ತಳು.

ಅಂದು ನಮಗೆ ಸಿಕ್ಕ ಚಿಕಿತ್ಸೆಯ ಹಿಂದೆ ಒಂದು ದೊಡ್ಡ ಸಂಶೋಧನೆ ಇತ್ತೆಂಬುದು ನನಗೆ ಗೊತ್ತಾದದ್ದು ನಿವೃತ್ತಿಯ ನಂತರ ಈ ವಿಷಯದ ಪುಸ್ತಕಗಳನ್ನೂ ಲೇಖನಗಳನ್ನೂ ಹುಡುಕಿ ಓದತೊಡಗಿದ ಮೇಲೆ. ಅದರ ಆರಂಭ ಕರ್ನಾಟಕದಲ್ಲಿ ಅಲ್ಲ, ಹರಿಯಾಣದಲ್ಲಿ. 1975ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಏಳು ದೇಶಗಳಲ್ಲಿ, ಅಂದರೆ ಭಾರತ, ಬ್ರೆಜಿಲ್, ಕೊಲಂಬಿಯಾ, ಈಜಿಪ್ಟ್, ಫಿಲಿಪ್ಪೀನ್ಸ್, ಸೆನೆಗಲ್ ಮತ್ತು ಸುಡಾನ್‌ಗಳಲ್ಲಿ, ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗಳಿಗೆ ಹೇಗೆ ತಲುಪಿಸಬಹುದೆಂದು ಪರೀಕ್ಷಿಸುವ ಅಧ್ಯಯನವೊಂದನ್ನು ಕೈಗೆತ್ತಿಕೊಂಡಿತು. ಭಾರತದಲ್ಲಿ ಅದನ್ನು ನಡೆಸಿದ್ದು ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ. ಡಾ. ಎನ್. ಎನ್. ವಿಗ್ ಅವರೊಂದಿಗೆ ಆಗ ಅಲ್ಲಿದ್ದ ಡಾ. ಶ್ರೀನಿವಾಸ ಮೂರ್ತಿಯವರು ಆಯ್ದುಕೊಂಡ ಕ್ಷೇತ್ರ ಆಗಿನ ಅಂಬಾಲಾ ಜಿಲ್ಲೆಯ ರಾಯ್‌ಪುರ್ ರಾಣಿ. ಮನೋವೈದ್ಯರೇ ಇಲ್ಲದ ಕಡೆ, ಈಗಾಗಲೇ ಇರುವ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ನೀಡಿದರೆ ಅವರು ಕಾಯಿಲೆಯನ್ನು ಗುರುತಿಸಬಲ್ಲರೇ, ಚಿಕಿತ್ಸೆ ಮುಂದುವರಿಸಬಲ್ಲರೇ ಎಂಬುದು ಅವರ ಮುಂದಿದ್ದ ಪ್ರಶ್ನೆಯಾಗಿತ್ತು.

ಈ ಬಹುದೇಶೀಯ ಅಧ್ಯಯನದಿಂದ 1980ರಲ್ಲಿ ಪ್ರಕಟವಾದ ಒಂದು ಲೇಖನವನ್ನು ತಮ್ಮ ಇಲಾಖೆಯ ಪ್ರತಿಯೊಬ್ಬ ಅಧಿಕಾರಿಯೂ ಓದಬೇಕೆಂದು ನನಗನ್ನಿಸುತ್ತದೆ. ನಾಲ್ಕು ದೇಶಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ 1,624 ರೋಗಿಗಳನ್ನು ಪರೀಕ್ಷಿಸಿದಾಗ ಅವರಲ್ಲಿ ಶೇ. 13.9ರಷ್ಟು ಮಂದಿಗೆ ಮಾನಸಿಕ ಕಾಯಿಲೆ ಇರುವುದು ಕಂಡುಬಂತು. ಅವರಲ್ಲಿ ಹೆಚ್ಚಿನವರು ತಲೆನೋವು, ಕೆಮ್ಮು, ನಿಶ್ಶಕ್ತಿ ಎಂದು ಹೇಳಿಕೊಂಡು ಬಂದವರು. ಆರೋಗ್ಯ ಕಾರ್ಯಕರ್ತರು ಅವರಲ್ಲಿ ಮೂರನೆಯ ಒಂದು ಭಾಗದವರನ್ನು ಮಾತ್ರ ಸರಿಯಾಗಿ ಗುರುತಿಸಿದ್ದರು. ಮಾನಸಿಕ ಕಾಯಿಲೆ ಇರುವವರು ಎಲ್ಲೋ ದೂರದ ಹುಚ್ಚಾಸ್ಪತ್ರೆಯಲ್ಲಿದ್ದಾರೆ ಎಂದು ಜನ ನಂಬಿದ್ದ ಕಾಲದಲ್ಲಿ, ಅವರು ದಿನವೂ ನಮ್ಮೂರಿನ ದವಾಖಾನೆಯ ಬಾಗಿಲಿಗೇ ಬಂದು, ತಲೆನೋವಿನ ಗುಳಿಗೆ ಪಡೆದು ಮರಳುತ್ತಿದ್ದಾರೆಂಬುದನ್ನು ಈ ಲೇಖನ ಎಣಿಸಿ ತೋರಿಸಿತು. ಮೂವತ್ತು ವರ್ಷ ತರಗತಿಯಲ್ಲಿ ಪಾಠ ಮಾಡಿದ ನನಗೆ, ಹೊಟ್ಟೆನೋವು ಎಂದು ಪದೇಪದೇ ಮನೆಗೆ ಹೋಗುತ್ತಿದ್ದ ಕೆಲವು ಮಕ್ಕಳ ಮುಖಗಳು ಇದನ್ನು ಓದುವಾಗ ಕಣ್ಣ ಮುಂದೆ ಬಂದವು.

ಡಾ. ಮೂರ್ತಿಯವರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ವಿಷಯ ಕುಟುಂಬ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದ ಡಾ. ವಿದ್ಯಾ ಸಾಗರ್ ಅವರು ಆಸ್ಪತ್ರೆಯ ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ಉಳಿಯುವಂತೆ ಮಾಡಿದ್ದರು. ಬೀಗ ಹಾಕಿದ ವಾರ್ಡುಗಳಲ್ಲಿ ರೋಗಿಗಳನ್ನು ಬಿಟ್ಟು ಹೋಗುತ್ತಿದ್ದ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. ನನ್ನಂಥ ಅಕ್ಕಂದಿರನ್ನು, ನಮ್ಮ ಅವ್ವನಂಥ ತಾಯಂದಿರನ್ನು ಚಿಕಿತ್ಸೆಯ ಪಾಲುದಾರರೆಂದು ಎಣಿಸಿದ ಆ ಪರಂಪರೆಯನ್ನು ಮುಂದುವರಿಸಿದವರು ಡಾ. ಮೂರ್ತಿಯವರು.

ಇತ್ತ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1975ರಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಗಿತ್ತು. ಬನ್ನೇರುಘಟ್ಟದ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರವೊಂದನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಲಿ ತರಬೇತಿ ನೀಡುವ ಪದ್ಧತಿಯನ್ನು ರೂಪಿಸಲಾಗಿತ್ತು. ರಾಯ್‌ಪುರ್ ರಾಣಿ ಮತ್ತು ಸಕಲವಾರದ ಅನುಭವಗಳ ಬಲದಿಂದಲೇ 1982ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂಗೀಕಾರವಾಯಿತು; ಅದರ ಕರಡು ಸಿದ್ಧಪಡಿಸಿದವರಲ್ಲಿ ಡಾ. ಮೂರ್ತಿಯವರೂ ಇದ್ದರು. ಆದರೆ ಕೆಲವು ಹಳ್ಳಿಗಳಲ್ಲಿ ಸಂಶೋಧಕರ ಕಣ್ಗಾವಲಿನಲ್ಲಿ ನಡೆದ ಕೆಲಸ ಇಡೀ ಜಿಲ್ಲೆಯಲ್ಲಿ, ಸಾಮಾನ್ಯ ಸರ್ಕಾರಿ ವ್ಯವಸ್ಥೆಯ ಕೈಯಲ್ಲಿ ನಡೆದೀತೇ ಎಂಬ ಪ್ರಶ್ನೆ ಉಳಿದಿತ್ತು. ಆ ಪ್ರಶ್ನೆಗೆ ಉತ್ತರ ಹುಡುಕಲು ಆರಿಸಿಕೊಂಡ ಜಿಲ್ಲೆ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್‌ನ ತಂಡ ಅಲ್ಲಿ ಕೆಲಸ ಮಾಡಿತು, ಡಾ. ಮೂರ್ತಿಯವರ ಜೊತೆ ಡಾ. ಮೋಹನ್ ಐಸಾಕ್ ಮತ್ತಿತರರು ಅದರಲ್ಲಿದ್ದರು.

ಬಳ್ಳಾರಿಯಲ್ಲಿ ಮಾಡಿದ ವ್ಯವಸ್ಥೆ ಎಷ್ಟು ಸರಳವಾಗಿತ್ತೆಂದರೆ, ಅದನ್ನು ನಾನು ಹೈಸ್ಕೂಲು ಮಕ್ಕಳಿಗೂ ವಿವರಿಸಬಲ್ಲೆ. ಜಿಲ್ಲೆಯ ಪ್ರಾಥಮಿಕ ಆರೋಗ್ಯ ಸಿಬ್ಬಂದಿಗೆ ತರಬೇತಿ ಕೊಟ್ಟರು. ಆರೇ ಆರು ಔಷಧಗಳನ್ನು ಆರಿಸಿಕೊಂಡು ಆರೋಗ್ಯ ಕೇಂದ್ರಗಳಿಗೆ ಒದಗಿಸಿದರು: ಭ್ರಮೆ ಮತ್ತು ಉದ್ರೇಕಕ್ಕೆ ಕ್ಲೋರ್‌ಪ್ರೋಮಜಿನ್ ಗುಳಿಗೆ, ಗುಳಿಗೆ ತೆಗೆದುಕೊಳ್ಳಲು ಒಪ್ಪದವರಿಗೆ ವಾರಗಟ್ಟಲೆ ಪರಿಣಾಮ ಉಳಿಯುವ ಫ್ಲೂಫೆನಜಿನ್ ಇಂಜೆಕ್ಷನ್, ಇವುಗಳಿಂದ ಕೈಕಾಲು ಬಿಗಿಯುವುದನ್ನು ತಡೆಯಲು ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಫೀನೋಬಾರ್ಬಿಟೋನ್ ಮತ್ತು ಫೆನಿಟಾಯಿನ್. ಒಬ್ಬೊಬ್ಬ ರೋಗಿಗೂ ಸರಳವಾದ ದಾಖಲೆ ಇಟ್ಟರು. ತಿಂಗಳಿಗೊಮ್ಮೆ ವರದಿ ತರಿಸಿಕೊಂಡು ಪರಿಶೀಲಿಸಿದರು. ಆರೋಗ್ಯ ಕೇಂದ್ರದಲ್ಲಿ ಬಗೆಹರಿಯದವರಿಗಾಗಿ ಜಿಲ್ಲಾ ಕೇಂದ್ರದಲ್ಲಿ ಮನೋವೈದ್ಯರಿದ್ದ ತಂಡವೊಂದನ್ನು ಇರಿಸಿದರು. ಇಷ್ಟೇ. ಹೊಸ ಕಟ್ಟಡ ಬೇಕಾಗಲಿಲ್ಲ, ಹಳ್ಳಿಹಳ್ಳಿಗೂ ಮನೋವೈದ್ಯರು ಬೇಕಾಗಲಿಲ್ಲ. ಬೇಕಾದದ್ದು ತರಬೇತಿ, ಔಷಧ, ದಾಖಲೆ ಮತ್ತು ಯಾರಾದರೂ ತಿಂಗಳಿಗೊಮ್ಮೆ “ಏನಾಯಿತು?” ಎಂದು ವಿಚಾರಿಸುವುದು. ನನ್ನ ತಮ್ಮನ ತೋಳಿಗೆ ಆ ಬೇಸಿಗೆಯಲ್ಲಿ ಬಿದ್ದ ಇಂಜೆಕ್ಷನ್ ಈ ಆರರ ಪಟ್ಟಿಯಿಂದ ಬಂದದ್ದೆಂದು ತಿಳಿದ ದಿನ, ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದೆ.

ನಡುವೆ ಭೋಪಾಲ್ ದುರಂತ ಸಂಭವಿಸಿತು. 1984ರ ಡಿಸೆಂಬರ್‌ನ ಆ ಅನಿಲ ಸೋರಿಕೆಯ ನಂತರ ಬದುಕುಳಿದವರ ಮನಸ್ಸಿಗೆ ಆಗಿದ್ದ ಆಘಾತವನ್ನು ಉಪಚರಿಸಲು ಅಲ್ಲಿನ ಸಾಮಾನ್ಯ ವೈದ್ಯರಿಗೆ ತರಬೇತಿ ನೀಡಲು ಹೋದವರಲ್ಲಿಯೂ ಡಾ. ಮೂರ್ತಿಯವರಿದ್ದರು. ಅಲ್ಲಿಯೂ ಅವರ ದಾರಿ ಅದೇ: ತಜ್ಞರಿಗಾಗಿ ಕಾಯಬಾರದು, ಜನರ ಹತ್ತಿರ ಇರುವ ವೈದ್ಯರ ಕೈಗೆ ತಿಳಿವಳಿಕೆಯನ್ನು ಕೊಡಬೇಕು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯು ತನ್ನ 2001ರ ವಾರ್ಷಿಕ ವರದಿಯನ್ನು ಮಾನಸಿಕ ಆರೋಗ್ಯಕ್ಕೆ ಮೀಸಲಿಟ್ಟಾಗ, ಅದರ ಪ್ರಧಾನ ಸಂಪಾದಕರ ಜವಾಬ್ದಾರಿ ಅವರದಾಯಿತು. ಆ ವರದಿ ಜಗತ್ತಿನ ಸರ್ಕಾರಗಳಿಗೆ ಹತ್ತು ಶಿಫಾರಸುಗಳನ್ನು ಮಾಡಿತು. ಮೊದಲನೆಯದು, ಪ್ರಾಥಮಿಕ ಆರೋಗ್ಯ ಹಂತದಲ್ಲಿ ಚಿಕಿತ್ಸೆ ಒದಗಿಸಿ ಎಂಬುದು. ಎರಡನೆಯದು, ಔಷಧಗಳು ಸಿಗುವಂತೆ ಮಾಡಿ ಎಂಬುದು. ಸಮುದಾಯ ಮತ್ತು ಕುಟುಂಬಗಳನ್ನು ಒಳಗೊಳ್ಳಿ ಎಂಬುದು ಐದನೆಯದು. ರಾಯ್‌ಪುರ್ ರಾಣಿಯ, ಸಕಲವಾರದ, ಬಳ್ಳಾರಿಯ ಅನುಭವ ಹೀಗೆ ಜಗತ್ತಿನ ಸಲಹೆಯಾಯಿತು. ಕನ್ನಡ ನಾಡಿನ ಒಂದು ಬಿಸಿಲು ಜಿಲ್ಲೆಯ ಆರೋಗ್ಯ ಸಹಾಯಕರು ಮಾಡಿದ ಕೆಲಸಕ್ಕೆ ಸಿಕ್ಕ ಈ ಗೌರವವನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರೋ ನನಗೆ ಸಂದೇಹ.

ಬಳ್ಳಾರಿಯ ಮಾದರಿಯನ್ನೇ ಅನುಸರಿಸಿ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಷ್ಟ್ರ ಮಟ್ಟದಲ್ಲಿ ಆರಂಭವಾಯಿತು. ಅದು ವಿಸ್ತಾರಗೊಂಡದ್ದು ಸಂತೋಷದ ವಿಷಯವೇ. ಆದರೆ ನಾನು ಒಬ್ಬ ರೋಗಿಯ ಅಕ್ಕನಾಗಿ ಕಂಡಂತೆ, ವಿಸ್ತಾರವಾಗುವಾಗ ಅದರ ತೂಕ ಹಳ್ಳಿಯಿಂದ ಜಿಲ್ಲಾ ಕೇಂದ್ರದ ಕಡೆಗೆ ವಾಲಿತು. ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಬಂದರು, ಆದರೆ ಊರಿನ ಕೇಂದ್ರದಲ್ಲಿ ಗುಳಿಗೆ ಇರುವುದು ಖಾತ್ರಿಯಾಗಲಿಲ್ಲ. ನಮ್ಮ ಅನುಭವವೂ ಹಾಗೆಯೇ ಆಯಿತು. ಹೊಳೆಯಾಚೆಯ ಆ ಯುವ ವೈದ್ಯಾಧಿಕಾರಿಗೆ ವರ್ಗವಾಯಿತು. ಅವರ ಜಾಗಕ್ಕೆ ಬಂದವರಿಗೆ ಈ ವಿಷಯದ ತರಬೇತಿ ಆಗಿರಲಿಲ್ಲ. ಒಂದು ತಿಂಗಳು ಹೋದಾಗ “ಸ್ಟಾಕ್ ಇಲ್ಲ” ಎಂದರು, ಇನ್ನೊಂದು ತಿಂಗಳು ಹೋದಾಗ “ಇಂಡೆಂಟ್ ಹಾಕಿದ್ದೇವೆ, ಬಂದಿಲ್ಲ” ಎಂದರು, ಮೂರನೆಯ ಬಾರಿ ಹೊರಗಿನ ಅಂಗಡಿಗೆ ಚೀಟಿ ಬರೆದುಕೊಟ್ಟರು. ಅಂಗಡಿಯಲ್ಲಿಯೂ ಆ ಇಂಜೆಕ್ಷನ್ ಸಿಗಲಿಲ್ಲ. ಮಳೆಗಾಲ ಬಂತು, ಹೊಳೆ ತುಂಬಿ ಸೇತುವೆ ಮುಳುಗಿತು. ಸೇತುವೆ ತೆರೆಯುವ ಹೊತ್ತಿಗೆ ತಮ್ಮ ಮನೆ ಬಿಟ್ಟು ಹೋಗಿದ್ದ. ಹನ್ನೊಂದು ದಿನಗಳ ನಂತರ ಗುಂತಕಲ್ ರೈಲು ನಿಲ್ದಾಣದಲ್ಲಿ ಸಿಕ್ಕ. ಆ ಹನ್ನೊಂದು ದಿನಗಳಲ್ಲಿ ಅವನಿಗೆ ಏನೇನಾಯಿತೆಂದು ಅವನು ಇವತ್ತಿಗೂ ಹೇಳಿಲ್ಲ, ನಾವೂ ಕೇಳಿಲ್ಲ.

ಮಾನ್ಯರೇ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೇಲೆ ಈಗಾಗಲೇ ಹತ್ತಾರು ಕಾರ್ಯಕ್ರಮಗಳ ಭಾರವಿದೆ, ಅದರ ಮೇಲೆ ಇದನ್ನೂ ಹೇರಬೇಕೇ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಅವರ ಕಷ್ಟ ನನಗೆ ಅರ್ಥವಾಗುತ್ತದೆ. ಸರ್ಕಾರಿ ಶಾಲೆಯಲ್ಲಿ ದುಡಿದವಳಿಗೆ ಗಣತಿ, ಚುನಾವಣೆ, ಬಿಸಿಯೂಟಗಳ ನಡುವೆ ಪಾಠ ಮಾಡುವುದು ಏನೆಂದು ಗೊತ್ತು. ಆದರೆ ಆ ರೋಗಿಗಳು ಹೊಸದಾಗಿ ಬರುವವರಲ್ಲ. 1980ರ ಆ ಲೇಖನ ತೋರಿಸಿದಂತೆ ಅವರು ಈಗಾಗಲೇ ಸರದಿಯಲ್ಲಿ ನಿಂತಿದ್ದಾರೆ, ಬೇರೆ ಬೇರೆ ನೋವಿನ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದಾರೆ. ಸರಿಯಾಗಿ ಗುರುತಿಸಿದರೆ ಸರದಿ ಕಡಿಮೆಯಾದೀತು.

ಇನ್ನೊಂದು ಆಕ್ಷೇಪಣೆ ಇದೆ, ಅದು ಹೆಚ್ಚು ಗಂಭೀರವಾದದ್ದು. ಬಳ್ಳಾರಿಯ ಮಾದರಿ ಗುಳಿಗೆಗಳ ಮೇಲೆಯೇ ನಿಂತಿದೆ, ಮಾತಿನ ಚಿಕಿತ್ಸೆಗೆ, ಬದುಕಿನ ಕಷ್ಟಗಳಿಗೆ ಅದರಲ್ಲಿ ಜಾಗ ಕಡಿಮೆ ಎಂಬುದು. ಇದರಲ್ಲಿ ನಿಜವಿದೆ. ಡಾ. ಮೂರ್ತಿಯವರೇ ರಾಷ್ಟ್ರೀಯ ಕಾರ್ಯಕ್ರಮದ ಕೊರತೆಗಳನ್ನು ತಮ್ಮ ಬರಹಗಳಲ್ಲಿ ವಿಮರ್ಶಿಸಿದ್ದಾರೆ. ತಾವೇ ಕಟ್ಟಿದ್ದರ ದೋಷವನ್ನು ತಾವೇ ಬರೆಯುವುದು ದೊಡ್ಡ ಗುಣವೆಂದು ನಾನು ಭಾವಿಸುತ್ತೇನೆ. ಆದರೆ ಈ ಕೊರತೆಗೂ ಕರ್ನಾಟಕದ ಪಕ್ಕದಲ್ಲಿಯೇ ಉತ್ತರ ಸಿಕ್ಕಿದೆ. ಗೋವಾದಲ್ಲಿ ಡಾ. ವಿಕ್ರಮ್ ಪಟೇಲ್ ಮತ್ತು ಅವರ ಸಂಗಾತಿಗಳು, ಮಾನಸಿಕ ಆರೋಗ್ಯದ ಹಿನ್ನೆಲೆ ಇಲ್ಲದ ಸ್ಥಳೀಯರಿಗೆ ತರಬೇತಿ ನೀಡಿ, ಅವರನ್ನು ಆರೋಗ್ಯ ಕೇಂದ್ರಗಳಲ್ಲಿ ಆಪ್ತಸಮಾಲೋಚಕರನ್ನಾಗಿ ಕೂರಿಸಿ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಅದರ ಫಲಿತಾಂಶದ ಪ್ರಕಾರ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆ ಅಥವಾ ಆತಂಕದ ಕಾಯಿಲೆ ಇದ್ದವರ ಪೈಕಿ ಈ ನೆರವು ಪಡೆದವರಲ್ಲಿ ಶೇ. 65.9ರಷ್ಟು ಮಂದಿ ಆರು ತಿಂಗಳಲ್ಲಿ ಚೇತರಿಸಿಕೊಂಡಿದ್ದರು. ಪಡೆಯದವರಲ್ಲಿ ಆ ಪ್ರಮಾಣ ಶೇ. 42.5. ನಮ್ಮ ಆಶಾ ಕಾರ್ಯಕರ್ತೆಯರಿಗೆ ಪ್ರತಿ ಮನೆಯ ಒಳಗು ಗೊತ್ತು. ಸರಿಯಾದ ತರಬೇತಿ ಮತ್ತು ಈ ಕೆಲಸಕ್ಕೆ ಪ್ರತ್ಯೇಕ ಸಂಭಾವನೆ ಕೊಟ್ಟರೆ ಅವರಲ್ಲಿ ಅನೇಕರು ಇದನ್ನು ಮಾಡಬಲ್ಲರು. ಸಂಭಾವನೆಯ ಮಾತನ್ನು ಬೇಕೆಂದೇ ಬರೆದಿದ್ದೇನೆ, ಏಕೆಂದರೆ ಅವರಿಗೆ ಪುಕ್ಕಟೆ ದುಡಿಮೆಯ ಮತ್ತೊಂದು ಹೊರೆ ಬೇಡ.

ಚಿಕಿತ್ಸೆ ಸಿಕ್ಕರೆ ಏನಾಗುತ್ತದೆ, ಸಿಗದಿದ್ದರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ನೆಲದ ಸಾಕ್ಷ್ಯವಿದೆ. ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ, ಡಾ. ಬಿ. ಎನ್. ಗಂಗಾಧರ ಮತ್ತು ಅವರ ತಂಡದವರು ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಿಗೆ ಹೋಗಿ ಗುರುತಿಸಿ, ಚಿಕಿತ್ಸೆಯಲ್ಲಿದ್ದವರನ್ನೂ ಇಲ್ಲದವರನ್ನೂ ಕಾಲಕಾಲಕ್ಕೆ ಹೋಲಿಸಿ ನೋಡಿದರು. 2009ರಲ್ಲಿ ಪ್ರಕಟವಾದ ಅವರ ಲೇಖನದ ತಿರುಳು ಇದು: ಔಷಧ ಪಡೆದವರಲ್ಲಿ ಕಾಯಿಲೆಯಿಂದ ಉಂಟಾಗುವ ಅಸಮರ್ಥತೆ ಕಡಿಮೆಯಾಗಿತ್ತು, ಅಂದರೆ ತಮ್ಮನ್ನು ತಾವು ನೋಡಿಕೊಳ್ಳುವುದು, ದುಡಿಯುವುದು, ಜನರೊಡನೆ ಬೆರೆಯುವುದು ಅವರಿಗೆ ಹೆಚ್ಚು ಸಾಧ್ಯವಾಗಿತ್ತು. ಹಳ್ಳಿಯ ಹವೆ, ಮನೆಯವರ ಪ್ರೀತಿ ಇದ್ದರೆ ಈ ಕಾಯಿಲೆ ತಾನಾಗಿಯೇ ವಾಸಿಯಾಗುತ್ತದೆ ಎಂದು ನಂಬುವವರು ಇದ್ದಾರೆ. ನಮ್ಮ ಮನೆಯಲ್ಲಿ ಪ್ರೀತಿಗೆ ಕೊರತೆ ಇರಲಿಲ್ಲ. ಔಷಧ ತಪ್ಪಿದಾಗ ಆ ಪ್ರೀತಿ ಒಂದೇ ಸಾಲಲಿಲ್ಲ.

2015-16ರಲ್ಲಿ ನಿಮ್ಹಾನ್ಸ್‌ನ ನೇತೃತ್ವದಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು, ಬೇರೆ ಬೇರೆ ಮಾನಸಿಕ ಕಾಯಿಲೆಗಳಿರುವವರಲ್ಲಿ ಶೇ. 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿಲ್ಲವೆಂದು ಹೇಳಿತು. ಚಿಕಿತ್ಸೆಗೂ ಓಡಾಟಕ್ಕೂ ಕುಟುಂಬಗಳು ತಿಂಗಳಿಗೆ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ಖರ್ಚು ಮಾಡುತ್ತಿವೆ ಎಂದೂ ಹೇಳಿತು. ಕೂಲಿಯ ಮನೆಗೆ ಅದು ಎಷ್ಟು ದೊಡ್ಡ ಮೊತ್ತವೆಂದು ತಮಗೆ ವಿವರಿಸಬೇಕಿಲ್ಲ.

ಕರ್ನಾಟಕ ಏನೂ ಮಾಡಿಲ್ಲವೆಂದು ಬರೆದರೆ ಅದು ಅನ್ಯಾಯವಾಗುತ್ತದೆ. 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮದ ಅಡಿಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಆಯಿತು. ಅದು ನಮ್ಮಂಥವರಿಗೆ ದೊಡ್ಡ ಆಸರೆ. 2022ರ ಅಕ್ಟೋಬರ್ 10ರಂದು ಬೆಂಗಳೂರಿನಲ್ಲಿಯೇ ಉದ್ಘಾಟನೆಯಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ನಾನು ಕರೆ ಮಾಡಿದ್ದೇನೆ, ಆ ಕಡೆಯಿಂದ ಮಾತನಾಡಿದವರು ತಾಳ್ಮೆಯಿಂದ ಮಾತನಾಡಿದ್ದಾರೆ. ಆದರೆ ಫೋನಿನಲ್ಲಿ ಸಾಂತ್ವನ ಬರುತ್ತದೆ, ಗುಳಿಗೆ ಬರುವುದಿಲ್ಲ. ಮಂಗಳವಾರ ವೈದ್ಯರು ಬರೆದುಕೊಟ್ಟ ಔಷಧ ಬುಧವಾರದಿಂದ ಮುಂದಿನ ಮಂಗಳವಾರದವರೆಗೆ ನಮ್ಮೂರಿನಲ್ಲಿ ಸಿಗಬೇಕು. ಕಳೆದ ವರ್ಷ ಎರಡು ಬಾರಿ ಸರ್ಕಾರಿ ಕೇಂದ್ರದಲ್ಲಿ ತಮ್ಮನ ಗುಳಿಗೆ ಇಲ್ಲದೆ ನಾನು ಹೊರಗೆ ಕೊಂಡೆ. ನನಗೆ ಪಿಂಚಣಿ ಬರುತ್ತದೆ, ಕೊಂಡೆ. ಅದೇ ಸರದಿಯಲ್ಲಿ ನಿಂತಿದ್ದ, ಮಗಳನ್ನು ಕರೆತಂದಿದ್ದ ಹತ್ತಿ ಬಿಡಿಸುವ ಹೆಂಗಸು ಬರಿಗೈಯಲ್ಲಿ ಹೋದಳು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅದರ 18ನೆಯ ಪ್ರಕರಣದ ಪ್ರಕಾರ, ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಮಾನಸಿಕ ಕಾಯಿಲೆ ಇರುವವರಿಗೆ ಎಲ್ಲ ಕಾಲದಲ್ಲಿಯೂ ಉಚಿತವಾಗಿ ಸಿಗಬೇಕು. “ಎಲ್ಲ ಕಾಲದಲ್ಲಿಯೂ” ಎಂಬ ಮಾತು ಕಾಯಿದೆಯಲ್ಲಿಯೇ ಇದೆ. ನನ್ನ ಮನವಿ ಒಂದು ಮೆಟ್ಟಿಲು ಕೆಳಗೆ ಇಳಿಯುವಂಥದ್ದು. ಕಾಯಿದೆ ಸಮುದಾಯ ಆರೋಗ್ಯ ಕೇಂದ್ರದಲ್ಲಿ ನಿಂತಿತು, ಆದರೆ ಬಳ್ಳಾರಿಯ ಸಂಶೋಧನೆ 1985ರಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಇಳಿದಿತ್ತು. ಹಾಗೆ ಇಳಿಯಬಾರದೆಂದು ಕಾಯಿದೆ ಎಲ್ಲಿಯೂ ಹೇಳುವುದಿಲ್ಲ. ರಾಜ್ಯ ಸರ್ಕಾರ ಒಂದು ಆದೇಶ ಹೊರಡಿಸಿದರೆ ಸಾಕು. 31ನೆಯ ಪ್ರಕರಣವು ಸರ್ಕಾರಿ ಆರೋಗ್ಯ ಸಂಸ್ಥೆಗಳ ಎಲ್ಲ ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೋಗ್ಯದ ಮೂಲ ಹಾಗೂ ತುರ್ತು ಚಿಕಿತ್ಸೆಯ ತರಬೇತಿಯನ್ನು ರೂಪಿಸಬೇಕೆಂದು ಹೇಳುತ್ತದೆ. ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ವೃತ್ತಿಪರರನ್ನು ಹತ್ತು ವರ್ಷಗಳಲ್ಲಿ ಹೊಂದಿಸಲು ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಕಾಯಿದೆ ಜಾರಿಗೆ ಬಂದದ್ದು 2018ರ ಮೇ ತಿಂಗಳಿನಲ್ಲಿ. ಆ ಗಡುವು 2028ಕ್ಕೆ ಮುಗಿಯುತ್ತದೆ.

ಆದ್ದರಿಂದ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸದಾ ಇರಲೇಬೇಕಾದ ಮಾನಸಿಕ ಕಾಯಿಲೆಯ ಹಾಗೂ ಮೂರ್ಛೆರೋಗದ ಔಷಧಗಳ ಕಿರುಪಟ್ಟಿಯೊಂದನ್ನು ತಜ್ಞರ ಸಲಹೆಯಂತೆ ಪ್ರಕಟಿಸಿ, ಅದಕ್ಕೆ ಸರ್ಕಾರಿ ಆದೇಶದ ಬಲ ಕೊಡಬೇಕೆಂದು ಕೋರುತ್ತೇನೆ. ಆ ಔಷಧಗಳ ದಾಸ್ತಾನು ಮೂರು ತಿಂಗಳಿಗಿಂತ ಕೆಳಗಿಳಿಯುವ ಮೊದಲೇ ಜಿಲ್ಲಾ ಉಗ್ರಾಣದಿಂದ ಪೂರೈಕೆಯಾಗುವಂತೆ ಮಾಡಬೇಕು, ಮತ್ತು ಯಾವ ಕೇಂದ್ರದಲ್ಲಿ ಯಾವ ಔಷಧ ಎಷ್ಟು ದಿನ ಇರಲಿಲ್ಲವೆಂಬುದನ್ನು ತಿಂಗಳಿಗೊಮ್ಮೆ ಜನರಿಗೆ ತಿಳಿಸಬೇಕು. ತರಬೇತಿ ಪಡೆದ ವೈದ್ಯರಿಗೆ ವರ್ಗವಾದಾಗ ಅವರ ಜಾಗಕ್ಕೆ ಬರುವವರು ಕೆಲಸಕ್ಕೆ ಸೇರಿದ ಕೆಲವೇ ವಾರಗಳಲ್ಲಿ ತರಬೇತಿ ಪಡೆಯುವಂತೆ ನಿಯಮ ಮಾಡಬೇಕು. ಬಳ್ಳಾರಿಯ ವ್ಯವಸ್ಥೆಯಲ್ಲಿದ್ದ ಮಾಸಿಕ ಪರಿಶೀಲನೆಯನ್ನು ಕಾಗದದ ಮೇಲಲ್ಲದೆ ನಿಜವಾಗಿಯೂ ಮತ್ತೆ ಆರಂಭಿಸಬೇಕು. ಔಷಧ ಪಡೆಯಲು ಬರದೆ ಇದ್ದವರ ಮನೆಗೆ ಆರೋಗ್ಯ ಕಾರ್ಯಕರ್ತೆಯೊಬ್ಬರು ಹೋಗಿ ವಿಚಾರಿಸಬೇಕು. ಇದಕ್ಕೆ ತಗಲುವ ಹಣವನ್ನು, ಒಂದೊಂದು ಕುಟುಂಬ ಬಸ್ಸಿಗೆ, ಹೊರಗಿನ ಅಂಗಡಿಗೆ, ಕಳೆದುಕೊಂಡ ಕೂಲಿಗೆ ತೆರುತ್ತಿರುವ ಹಣದ ಪಕ್ಕದಲ್ಲಿಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಈ ಪತ್ರದ ಮೊದಲ ಕರಡನ್ನು ತಮ್ಮನಿಗೆ ಓದಿ ಹೇಳಿದೆ. ಅವನಿಗೆ ಈಗ ಅರವತ್ತರ ಹತ್ತಿರ. ಬೆಳಿಗ್ಗೆ ಎಮ್ಮೆಗಳನ್ನು ನೋಡಿಕೊಳ್ಳುತ್ತಾನೆ, ಮಧ್ಯಾಹ್ನ ಪತ್ರಿಕೆ ಓದುತ್ತಾನೆ. ಕೇಳಿಸಿಕೊಂಡು, “ಗುಳಿಗಿ ತಗೊಂಡ್ರ ಬಾಯಿ ಒಣಗತೈತಿ, ಭಾಳ ನಿದ್ದಿ ಬರತೈತಿ, ಅದನ್ನೂ ಬರಿ. ಹೊಸ ಗುಳಿಗಿ ಬಂದಾವಂತಲ್ಲ, ಅವೂ ಬೇಕು ಅಂತ ಬರಿ” ಎಂದ. ಆದ್ದರಿಂದ ಅದನ್ನೂ ಬರೆಯುತ್ತಿದ್ದೇನೆ: ತಾವು ಪ್ರಕಟಿಸುವ ಪಟ್ಟಿ 1985ರ ಪಟ್ಟಿಯ ನಕಲಾಗದಿರಲಿ, ಅಡ್ಡಪರಿಣಾಮಗಳನ್ನು ಸಹಿಸಿಕೊಂಡು ಬದುಕುತ್ತಿರುವವರನ್ನು ಕೇಳಿ ಸಿದ್ಧವಾಗಲಿ.

ಹೊಳೆಯಾಚೆಯ ಆರೋಗ್ಯ ಕೇಂದ್ರದಲ್ಲಿ 1989ರಲ್ಲಿ ಬರೆದುಕೊಟ್ಟ ಕಾರ್ಡನ್ನು ಅವ್ವ ತನ್ನ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಅದರ ನೆರಳಚ್ಚು ಪ್ರತಿಯನ್ನು ಈ ಪತ್ರದೊಂದಿಗೆ ತಮಗೆ ಕಳುಹಿಸುತ್ತಿದ್ದೇನೆ, ಹೆಸರಿನ ಸಾಲನ್ನು ಮಾತ್ರ ಮುಚ್ಚಿದ್ದೇನೆ. ಕಾರ್ಡಿನಲ್ಲಿ ತಿಂಗಳಿಗೊಂದರಂತೆ ಚೌಕಗಳಿವೆ. ಮೊದಲ ಹದಿನಾಲ್ಕರಲ್ಲಿ ದಿನಾಂಕ ಮತ್ತು ಸಹಿ ಇವೆ, ಉಳಿದವು ಖಾಲಿ ಇವೆ.

ವಂದನೆಗಳೊಂದಿಗೆ,

ನಿವೃತ್ತ ಶಿಕ್ಷಕಿ
ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ